ಮನೆ ಬಿಟ್ಟ ಮಕ್ಕಳು ಮತ್ತು ರಂಗಭೂಮಿ: ಗುಬ್ಬಿ, ತುಮಕೂರು, ಕುಣಿಗಲ್ ಕಲಿಸುವ ಪಾಠ

ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವ ನಮ್ಮಲ್ಲಿ ಹೆಚ್ಚಿನವರು ಕುಣಿಗಲ್ ದಾಟುವಾಗ ನಿದ್ದೆಯಲ್ಲಿರುತ್ತೇವೆ. ಚಾರ್ಮಾಡಿ ಘಾಟಿ ಹತ್ತಿ, ಬೇಲೂರು, ಅರಸೀಕೆರೆ, ತಿಪಟೂರು ಮಾರ್ಗವಾಗಿ ತುಮಕೂರಿಗೆ ಹೋಗುವವರಿಗೆ ಗುಬ್ಬಿ ದಾರಿಯಲ್ಲೇ ಸಿಗುತ್ತದೆ. ಅಲ್ಲಿಯೂ ಬಸ್ಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ನಮ್ಮ ಬಂಟ್ವಾಳ ತಾಲೂಕಿನಿಂದ ಮನೆ ಬಿಟ್ಟು ಓಡಿಹೋದ ಒಬ್ಬ ಹುಡುಗನಿಗೆ ಅನ್ನ, ಹಾಸಿಗೆ ಮತ್ತು ವಿದ್ಯೆ ಕೊಟ್ಟದ್ದು ಈ ಗುಬ್ಬಿಯ ಹೆಸರು ಹೊತ್ತ ನಾಟಕ ಕಂಪನಿ. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಬಿ. ವಿ. ಕಾರಂತರು.

ಅಪಾಯದ ಅಂಚಿನಲ್ಲಿರುವ ಮಕ್ಕಳಿಗೂ ಯುವಜನರಿಗೂ ನಾಟಕ, ಹಾಡು, ಕುಣಿತ ಕಲಿಸುವ ಕಾರ್ಯಕ್ರಮಗಳು ಇಂದು ಎಲ್ಲೆಡೆ ನಡೆಯುತ್ತಿವೆ. ಬೇಸಿಗೆ ಶಿಬಿರ, ಬೀದಿನಾಟಕ, ಬಾಲಮಂದಿರದ ವಾರ್ಷಿಕೋತ್ಸವ ಹೀಗೆ ಅವುಗಳ ರೂಪ ಹಲವು. ಇವುಗಳಿಂದ ನಿಜವಾಗಿ ಪ್ರಯೋಜನ ಉಂಟೇ? ಇದ್ದರೆ ಅದು ಎಲ್ಲಿಂದ ಬರುತ್ತದೆ? ತುಮಕೂರು ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನದ್ದು. ಇಂತಹ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಸಂಘ-ಸಂಸ್ಥೆಗಳಿಗೂ, ಶಿಕ್ಷಕರಿಗೂ, ಹೆತ್ತವರಿಗೂ ಇದರಿಂದ ಉಪಯೋಗವಾದೀತು ಎಂಬ ನಂಬಿಕೆ ನಮ್ಮದು.

ಯಾರು ಈ ಮಕ್ಕಳು?

'ದಾರಿ ತಪ್ಪಿದ ಮಕ್ಕಳು' ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ದಾರಿ ತೋರಿಸುವವರೇ ಇರಲಿಲ್ಲ. 2015ರ ಬಾಲನ್ಯಾಯ ಕಾಯ್ದೆ 18 ವರ್ಷದೊಳಗಿನವರನ್ನು ಎರಡು ಗುಂಪಾಗಿ ನೋಡುತ್ತದೆ. ಮನೆಯಿಲ್ಲದವರು, ದುಡಿಮೆಗೆ ಹಾಕಲ್ಪಟ್ಟವರು, ಹಿಂಸೆಗೆ ಒಳಗಾದವರು, ಓಡಿಬಂದವರು, ಬಾಲ್ಯವಿವಾಹದ ಭಯದಲ್ಲಿರುವವರು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು'. ಇವರ ವಿಚಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಪರಾಧದ ಆರೋಪ ಹೊತ್ತವರು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು'. ಇವರ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ. ಇವರನ್ನು ಇರಿಸುವ ಜಾಗ ವೀಕ್ಷಣಾಲಯ. ಮೊದಲ ಗುಂಪಿನವರಿಗೆ ಬಾಲಮಂದಿರ.

ಈ ಎರಡರ ಹೊರಗೂ ಮೂರನೆಯ ಗುಂಪೊಂದಿದೆ. ಶಾಲೆ ಬಿಟ್ಟು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ನಿಂತವರು, ಹತ್ತನೆಯ ತರಗತಿಯಲ್ಲಿ ನಪಾಸಾಗಿ ಬಸ್ ನಿಲ್ದಾಣದಲ್ಲಿ ದಿನ ಕಳೆಯುವವರು ಯಾವ ಕಡತದಲ್ಲೂ ಇರುವುದಿಲ್ಲ. ಊರಿನ ಯುವಕ ಮಂಡಲ, ನಾಟಕ ಸಂಘಗಳು ಮೊದಲು ತಲುಪಬಹುದಾದದ್ದು ಇವರನ್ನೇ.

ಗುಬ್ಬಿ ಕಂಪನಿ

ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಊರಿನ ದೇವರಾದ ಚನ್ನಬಸವೇಶ್ವರನ ಹೆಸರಿನ ಈ ಮಂಡಳಿ ಮುಂದೆ 'ಗುಬ್ಬಿ ಕಂಪನಿ' ಎಂದೇ ಕನ್ನಡ ನಾಡಿನ ಮನೆಮಾತಾಯಿತು. ವೀರಣ್ಣನವರು ಸುಮಾರು ಆರು ವರ್ಷದ ಬಾಲಕನಾಗಿದ್ದಾಗ ಈ ಮಂಡಳಿಗೆ ಸೇರಿದರು. ಬಾಲ ಪಾತ್ರಗಳಿಂದ ಹಾಸ್ಯ ಪಾತ್ರಗಳಿಗೆ ಏರಿ, 1917ರಲ್ಲಿ ಕಂಪನಿಯ ಒಡೆಯರಾದರು. 1934ರಲ್ಲಿ ಬೆಂಗಳೂರಿನಲ್ಲಿ ಆಡಿದ 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಆನೆ ಕುದುರೆಗಳ ಕತೆ ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಬೇಕಾದದ್ದು ಪರದೆಯ ಹಿಂದಿನ 'ಕಂಪನಿ ಮನೆ'. ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದ ಕಂಪನಿಯಲ್ಲಿ ಕಲಾವಿದರಿಗೆಲ್ಲ ಒಂದೇ ಅಡುಗೆ. ಹಗಲು ತಾಲೀಮು, ರಾತ್ರಿ ಆಟ. ಬಡವರ ಮಕ್ಕಳು, ಕಲಾವಿದರ ಮಕ್ಕಳು, ಮನೆ ಬಿಟ್ಟು ಬಂದವರು ಅಲ್ಲಿ ಒಟ್ಟಿಗೆ ಬೆಳೆದರು. ನಂಜನಗೂಡಿನ ಜಿ. ವಿ. ಅಯ್ಯರ್ ಎಂಟನೆಯ ವಯಸ್ಸಿಗೇ ಕಂಪನಿ ಸೇರಿದರು. ಭಾರತದ ಮೊದಲ ಸಂಸ್ಕೃತ ಚಲನಚಿತ್ರ 'ಆದಿ ಶಂಕರಾಚಾರ್ಯ'ವನ್ನು 1983ರಲ್ಲಿ ಕೊಟ್ಟವರು ಅವರೇ. ಗಾಜನೂರಿನ ಮುತ್ತುರಾಜ ತಂದೆ ಪುಟ್ಟಸ್ವಾಮಯ್ಯನವರ ಹಿಂದೆ ಕಂಪನಿಗೆ ಬಂದಾಗ ಅವನ ಶಾಲೆ ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಆ ಬಾಲಕನೇ 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ಎಂದು ಹೆಸರಾದವರು. ಆ ಚಿತ್ರದ ಹಿಂದೆಯೂ ಗುಬ್ಬಿ ವೀರಣ್ಣನವರಿದ್ದರು.

ಇದು ಮಕ್ಕಳ ಕಲ್ಯಾಣದ ಯೋಜನೆ ಆಗಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಟಿಕೆಟ್ ಮಾರಿ ಬದುಕಬೇಕಾದ ವ್ಯಾಪಾರ ಅದು. ಆದರೂ ಇಂದಿನ ಯೋಜನೆಗಳು ಬಯಸುವ ಹಲವು ಸಂಗತಿಗಳು ಅಲ್ಲಿ ತಾವಾಗಿಯೇ ಇದ್ದವು. ಹಾಗಾಗಿ ನಾವು ಅದನ್ನು ಮೊದಲ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಮಂಚಿಯ ಹುಡುಗ

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಮೂರನೆಯ ತರಗತಿಯಲ್ಲಿದ್ದಾಗಲೇ ಶಾಲೆಯ ನಾಟಕದಲ್ಲಿ ಬಣ್ಣ ಹಚ್ಚಿದ್ದ ಹುಡುಗ, ಮುಂದೆ ಮನೆ ಬಿಟ್ಟು ಹೋಗಿ ಗುಬ್ಬಿ ಕಂಪನಿ ಸೇರಿದರು. ಇಂದಾಗಿದ್ದರೆ ಪೊಲೀಸ್ ಠಾಣೆಯಲ್ಲಿ 'ಕಾಣೆಯಾಗಿದ್ದಾನೆ' ಎಂಬ ದೂರು ದಾಖಲಾಗುತ್ತಿತ್ತು.

ವೀರಣ್ಣನವರು ಈ ಹುಡುಗನಿಗೆ ಪಾತ್ರ ಕೊಟ್ಟದ್ದಷ್ಟೇ ಆಗಿದ್ದರೆ ನಾವು ಇಲ್ಲಿ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಅವರು ಕಾರಂತರನ್ನು ಓದಲು ಬನಾರಸ್ಸಿಗೆ ಕಳುಹಿಸಿದರು. ಅಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಮಾಡಿದರು, ಹಿಂದೂಸ್ತಾನಿ ಸಂಗೀತ ಕಲಿತರು. 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದರು. ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿ ದುಡಿದರು. 1977ರಿಂದ 1981ರವರೆಗೆ ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ ನಿಲ್ಲಿಸಿದರು. 2002ರಲ್ಲಿ ನಿಧನರಾದರು.

ಕಂಪನಿಗೆ ಉಪಯೋಗಕ್ಕೆ ಬರುತ್ತಿದ್ದ ಹುಡುಗನನ್ನು ಅದರ ಒಡೆಯನೇ ಓದಲು ಬಿಟ್ಟುಕೊಟ್ಟ. ಈ ಕತೆಯ ತಿರುಳು ಇದೇ. ಮಗುವನ್ನು ಸೇರಿಸಿಕೊಳ್ಳುವುದು ಎಷ್ಟು ಮುಖ್ಯವೋ, ಸಮಯ ಬಂದಾಗ ಮುಂದಕ್ಕೆ ಕಳುಹಿಸಿಕೊಡುವುದೂ ಅಷ್ಟೇ ಮುಖ್ಯ.

ಕಂಪನಿ ಕೊಟ್ಟದ್ದು, ಕೊಡದೆ ಹೋದದ್ದು

ಕಂಪನಿ ಮನೆ ಮಕ್ಕಳಿಗೆ ಕೊಟ್ಟದ್ದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲನೆಯದು ಹೊತ್ತಿಗೆ ಊಟ, ಮಲಗಲು ಜಾಗ. ಎರಡನೆಯದು ದಿನಚರಿ: ಏಳುವುದಕ್ಕೊಂದು ಹೊತ್ತು, ತಾಲೀಮಿಗೊಂದು ಹೊತ್ತು. ಮೂರನೆಯದು ಹಿರಿಯರ ಕಣ್ಣು. ಹಾರ್ಮೋನಿಯಂ ಮೇಷ್ಟ್ರು, ಬಣ್ಣದವರು, ಪರದೆ ಬರೆಯುವವರು, ಅಡುಗೆಯವರು ಹೀಗೆ ಹತ್ತು ಮಂದಿ ಹಿರಿಯರ ನಡುವೆ ಮಗು ಬೆಳೆಯುತ್ತಿತ್ತು. ನಾಲ್ಕನೆಯದು 'ನಾನಿಲ್ಲದೆ ಆಟ ನಡೆಯದು' ಎಂಬ ಭಾವನೆ. ಬೀದಿಯಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗನಿಗಾಗಿ ಇಲ್ಲಿ ಇಡೀ ದೃಶ್ಯವೇ ಕಾಯುತ್ತದೆ.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳಲ್ಲೂ ಇದೇ ಕ್ರಮವಿದೆ. ಮೇಳಕ್ಕೆ ಬಂದ ಹುಡುಗ ಮೊದಲು ಚೌಕಿಯಲ್ಲಿ ಕೈಕೆಲಸ ಮಾಡುತ್ತಾನೆ. ಕೋಡಂಗಿಯಾಗಿ, ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಹೆಜ್ಜೆ ಹಾಕುತ್ತಾನೆ. ಆಮೇಲಷ್ಟೇ ಪಾತ್ರ. ಅವಸರವಿಲ್ಲದ ಈ ಏಣಿಯೇ ಮಗುವಿಗೆ ಭರವಸೆ.

ಕೊಡದೆ ಹೋದದ್ದನ್ನೂ ಮರೆಯಬಾರದು. ಹೆಚ್ಚಿನ ಮಕ್ಕಳಿಗೆ ಶಾಲೆ ಇರಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ದುಡಿಯುತ್ತಿದ್ದರು. ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ, ನಾಟಕವಲ್ಲದೆ ಬೇರೆ ಕಸುಬು ಕಲಿಯದ ಅನೇಕ ಕಲಾವಿದರು ಮುಪ್ಪಿನಲ್ಲಿ ಕಷ್ಟಪಟ್ಟರು. ಕಾರಂತರು, ರಾಜಕುಮಾರ್, ಅಯ್ಯರ್ ಅವರ ಹೆಸರು ನಮಗೆ ಗೊತ್ತು. ಹೆಸರು ಉಳಿಯದ ಮಕ್ಕಳ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ಮೂವರು ಗೆದ್ದರೆಂದು ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರಲಾಗದು. ಕಂಪನಿ ಕೊಟ್ಟದ್ದನ್ನು ಉಳಿಸಿಕೊಂಡು, ಕೊಡದೆ ಹೋದದ್ದನ್ನು ತುಂಬಿಸಬೇಕು.

ತುಮಕೂರು: ಅನ್ನ, ಅಕ್ಷರ, ಆಶ್ರಯ

ತುಂಬಿಸುವುದು ಹೇಗೆ ಎಂಬುದಕ್ಕೆ ಜಿಲ್ಲಾ ಕೇಂದ್ರದಲ್ಲೇ ಉದಾಹರಣೆಯಿದೆ. ತುಮಕೂರಿನ ಸಿದ್ಧಗಂಗಾ ಮಠ ಜಾತಿ ಮತ ನೋಡದೆ ಸುಮಾರು 10,000 ಮಕ್ಕಳಿಗೆ ಉಚಿತ ಊಟ, ವಸತಿ, ಶಿಕ್ಷಣ ಕೊಡುತ್ತಿರುವುದು ನಾಡಿಗೇ ತಿಳಿದ ವಿಚಾರ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ನಿಧನರಾದ ಶಿವಕುಮಾರ ಸ್ವಾಮೀಜಿಯವರು ಇದನ್ನು ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹವಾಗಿ ಬೆಳೆಸಿದರು. ಬಡ ರೈತರ, ಕೂಲಿಕಾರರ ಮಕ್ಕಳು ಇಲ್ಲಿ ಓದಿ ಮುಂದೆ ಬಂದಿದ್ದಾರೆ. ಇದು ಕಲಾಶಾಲೆಯಲ್ಲ. ಆದರೆ ಕಲಾ ಕಾರ್ಯಕ್ರಮಕ್ಕೆ ಬೇಕಾದ ಅಡಿಪಾಯ ಯಾವುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಸಿಗುವುದು ಕಷ್ಟ. ಹಸಿದ ಮಗುವಿನಿಂದ ಹಾಡಿಸಲಾಗದು.

ತುಮಕೂರು ನಗರದಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ರಾಜ್ಯ ಸರ್ಕಾರ ಪ್ರತಿ ವರ್ಷ ರಂಗ ಸಾಧಕರಿಗೆ ಕೊಡುವ ಪ್ರಶಸ್ತಿಯೂ ಅವರ ಹೆಸರಿನಲ್ಲೇ ಇದೆ. ಬಾಲಭವನದ ಬೇಸಿಗೆ ಶಿಬಿರ ಮತ್ತು 'ಕಲಾಶ್ರೀ' ಸ್ಪರ್ಧೆ, ಶಿಕ್ಷಣ ಇಲಾಖೆಯ 'ಪ್ರತಿಭಾ ಕಾರಂಜಿ', ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗೆ ನಡೆಸುವ 'ಚಿಗುರು', ಯುವಜನರಿಗೆ ನಡೆಸುವ 'ಯುವ ಸೌರಭ' ಇವೆಲ್ಲ ರಾಜ್ಯದ ಜಿಲ್ಲೆಗಳಲ್ಲಿ ಸಿಗುವ ವೇದಿಕೆಗಳು. ಆದರೆ ಇವುಗಳಲ್ಲಿ ಹೆಚ್ಚಿನವು ಶಾಲೆಯ ಮೂಲಕ, ಇಲ್ಲವೆ ಅರ್ಜಿಯ ಮೂಲಕ ಮಕ್ಕಳನ್ನು ತಲುಪುತ್ತವೆ. ಶಾಲೆ ಬಿಟ್ಟ ಹುಡುಗನಿಗೆ ಅರ್ಜಿ ತುಂಬಿಸಿ ಕೊಡುವವರು ಯಾರು? ಸಂಘ-ಸಂಸ್ಥೆಗಳ ಕೆಲಸ ಇಲ್ಲಿಂದ ಆರಂಭವಾಗಬೇಕು.

ಕುಣಿಗಲ್ ಮತ್ತು ಹಳ್ಳಿಯ ಕಲೆಗಳು

ಕುಣಿಗಲ್ ಎಂದರೆ ನಮಗೆ ಅದರ ದೊಡ್ಡ ಕೆರೆ, ಆ ಕೆರೆಯ ಮೇಲೆ ಕಟ್ಟಿದ ಜನಪದ ಹಾಡು ನೆನಪಾಗುತ್ತದೆ. ಬರೆದವರ ಹೆಸರಿಲ್ಲದ ಆ ಹಾಡು ಬಾಯಿಂದ ಬಾಯಿಗೆ ದಾಟಿ ಉಳಿಯಿತು. ಈ ಸೀಮೆಯ ಕಲೆಗಳೆಲ್ಲ ಹೀಗೆ ಗುಂಪಿನಲ್ಲಿ ಕಲಿಯುವಂಥವು. ಸೋಮನ ಕುಣಿತ, ವೀರಗಾಸೆ, ತಮಟೆ, ಸೋಬಾನೆ ಪದ ಇಲ್ಲಿನ ಹಳ್ಳಿಗಳಿಗೆ ಹೊಸತಲ್ಲ. ನಮ್ಮ ಕರಾವಳಿಯ ಯಕ್ಷಗಾನವನ್ನು ಪಡುವಲಪಾಯ ಎನ್ನುವಂತೆ, ತುಮಕೂರು ಸೀಮೆಯ ಯಕ್ಷಗಾನಕ್ಕೆ ಮೂಡಲಪಾಯ ಎಂದು ಹೆಸರು.

ಯುವಜನರ ಜೊತೆ ಕೆಲಸ ಮಾಡುವವರಿಗೆ ಈ ಕಲೆಗಳಲ್ಲಿ ಮೂರು ಅನುಕೂಲಗಳಿವೆ. ಓದು ಬರಹ ಹಿಂದುಳಿದ ಹುಡುಗನೂ ತಮಟೆಯ ಲಯವನ್ನು ಬೇಗ ಹಿಡಿಯಬಲ್ಲ. ಓದಿನಲ್ಲಿ ಸೋತವನು ಇಲ್ಲಿ ಮೊದಲ ಬಾರಿ ಗೆಲ್ಲುತ್ತಾನೆ. ಕಲಿಸುವ ಗುರು ಅದೇ ಊರಿನ ಹಿರಿಯರು. ಶಿಬಿರ ಮುಗಿದ ಮೇಲೂ ಅವರು ಅಲ್ಲೇ ಇರುತ್ತಾರೆ. ಖರ್ಚೂ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ವಾದ್ಯ, ಕುಣಿತಗಳನ್ನು ಇಂತಹ ಜಾತಿಯವರೇ ಮಾಡಬೇಕೆಂಬ ಕಟ್ಟುಪಾಡು ಹಳ್ಳಿಗಳಲ್ಲಿತ್ತು. ತಮಟೆಯನ್ನು ಒಂದು ಕೇರಿಯ ಮಕ್ಕಳ ಕೈಗಷ್ಟೇ ಕೊಟ್ಟರೆ ಹಳೆಯ ಅವಮಾನವನ್ನೇ ಮತ್ತೆ ಕೊಟ್ಟಂತೆ. ಎಲ್ಲ ಕೇರಿಯ ಮಕ್ಕಳೂ ಎಲ್ಲವನ್ನೂ ಕಲಿಯಬೇಕು.

ಬೇರೆ ಕಡೆಯ ಅನುಭವ

ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದ ಕೊನೆಯಿಂದ ರಾಜ್ಯದ ಕಾರಾಗೃಹಗಳಲ್ಲಿ ಕೈದಿಗಳಿಗೆ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದು ಪ್ರದರ್ಶನ ಕೊಡಿಸಿದರು. ಕಾರಂತರು ಕಟ್ಟಿದ ರಂಗಾಯಣದಿಂದಲೇ ಈ ಕೆಲಸ ಹೊರಟದ್ದು ಗಮನಿಸಬೇಕಾದ ಸಂಗತಿ. ಬೆಂಗಳೂರಿನಲ್ಲಿ ಕಲಾವಿದ ಜಾನ್ ದೇವರಾಜ್ ಅವರು ದುಡಿಮೆಯಿಂದ ಬಿಡಿಸಿದ ಮಕ್ಕಳಿಗೂ ಬೀದಿ ಮಕ್ಕಳಿಗೂ 'ಬಾರ್ನ್ ಫ್ರೀ ಆರ್ಟ್ ಸ್ಕೂಲ್' ಮೂಲಕ ನೃತ್ಯ, ನಾಟಕ, ಶಿಲ್ಪ ಕಲಿಸಿದರು.

ಹೊರ ದೇಶಗಳಲ್ಲೂ ಈ ದಾರಿ ಹಳೆಯದು. ವೆನೆಜುವೆಲಾದಲ್ಲಿ ಹೋಸೆ ಅಂತೋನಿಯೊ ಅಬ್ರೆಯು 1975ರಲ್ಲಿ ಆರಂಭಿಸಿದ 'ಎಲ್ ಸಿಸ್ತೆಮಾ' ಬಡ ಬಡಾವಣೆಗಳ ಮಕ್ಕಳನ್ನು ವಾದ್ಯಮೇಳಗಳಲ್ಲಿ ಕೂಡಿಸಿತು. ಬ್ರೆಜಿಲ್ಲಿನ ಆಗುಸ್ತೊ ಬೋಲ್ ರೂಪಿಸಿದ ಫೋರಂ ನಾಟಕದಲ್ಲಿ ಒಂದು ಅನ್ಯಾಯದ ದೃಶ್ಯವನ್ನು ಆಡಿ ತೋರಿಸಿ ನಿಲ್ಲಿಸುತ್ತಾರೆ. ನೋಡುವವರಲ್ಲೇ ಒಬ್ಬರು ಎದ್ದು ಬಂದು 'ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ' ಎಂದು ಆಡಿ ತೋರಿಸಬೇಕು. ಬಾಲ್ಯವಿವಾಹ, ಕುಡಿತ, ಜೀತದಂತಹ ವಿಷಯಗಳನ್ನು ಭಾಷಣವಿಲ್ಲದೆ ಚರ್ಚೆಗೆ ತರಲು ಇದು ಒಳ್ಳೆಯ ಮಾರ್ಗ. ನೋವು ಅನುಭವಿಸಿದ ಮಗುವಿನ ಸ್ವಂತ ಕತೆಯನ್ನು ಮಾತ್ರ ಅದರಿಂದಲೇ ಆಡಿಸಬಾರದು. ಬೇರೆಯವರ ಕತೆ, ಪ್ರಾಣಿಗಳ ಕತೆ, ಜನಪದ ಕತೆ ಸಾಕು. ಮುಖವಾಡದ ಹಿಂದೆ ನಿಂತಾಗ ಮಗು ಹೇಳಬೇಕಾದ್ದನ್ನು ತಾನಾಗಿ ಹೇಳುತ್ತದೆ.

ಕಾರ್ಯಕ್ರಮ ನಡೆಸುವವರಿಗೆ ಕೆಲವು ಸೂಚನೆಗಳು

1. ಹತ್ತು ದಿನದ ಶಿಬಿರಕ್ಕಿಂತ ವಾರಕ್ಕೆರಡು ಸಂಜೆಯಂತೆ ವರ್ಷವಿಡೀ ನಡೆಯುವ ತಾಲೀಮು ಮೇಲು. ಶಿಬಿರ ಮುಗಿದ ಹನ್ನೊಂದನೆಯ ದಿನ ಮಗು ಮತ್ತೆ ಅದೇ ಬೀದಿಗೆ ಹೋಗುತ್ತದೆ.

2. ತಾಲೀಮಿನ ಮೊದಲು ತಿಂಡಿ ಕೊಡಿ. ಸಂಜೆ ಬರುವ ಹುಡುಗ ಮಧ್ಯಾಹ್ನ ಉಂಡಿರುತ್ತಾನೆಂದು ತಿಳಿಯಬೇಡಿ.

3. ಎಲ್ಲರಿಗೂ ಬಣ್ಣ ಹಚ್ಚಲೇಬೇಕೆಂದಿಲ್ಲ. ದೀಪ, ಪರದೆ, ಉಡುಪು, ಹಿನ್ನೆಲೆ ಸಂಗೀತ, ಲೆಕ್ಕಪತ್ರ ಎಲ್ಲವೂ ನಾಟಕದ ಕೆಲಸವೇ. ಇವುಗಳಲ್ಲಿ ಕೆಲವು ಮುಂದೆ ಹೊಟ್ಟೆಪಾಡಿನ ಕಸುಬೂ ಆಗಬಹುದು.

4. ಶಾಲೆಯ ಕೊಂಡಿ ತಪ್ಪಬಾರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗು ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು. ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಅದಕ್ಕಿದೆ. ದೊಡ್ಡವರು ಖಾಸಗಿ ಅಭ್ಯರ್ಥಿಗಳಾಗಿ ಎಸ್ಸೆಸ್ಸೆಲ್ಸಿ ಬರೆಯಲು ನೆರವಾಗಿ.

5. ಒಬ್ಬ ವಯಸ್ಕರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವಂತಾಗಬಾರದು. ಹೆಣ್ಣುಮಕ್ಕಳಿರುವ ತಂಡದಲ್ಲಿ ಮಹಿಳಾ ಮೇಲ್ವಿಚಾರಕರು ಇರಲೇಬೇಕು. ತಡರಾತ್ರಿಯ ತಾಲೀಮು ಬೇಡ.

6. ಹುಡುಗ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರೆ ಮರುದಿನವೇ ಅವನ ಮನೆಗೆ ಹೋಗಿ. ಅವನ ಪಾತ್ರವನ್ನು ಕೂಡಲೇ ಬೇರೆಯವರಿಗೆ ಕೊಡಬೇಡಿ.

ಕಾನೂನು ತಿಳಿದಿರಲಿ

ಓಡಿಬಂದ ಮಗು ಸಿಕ್ಕಿದರೆ 'ನಾಟಕ ಕಲಿಸುತ್ತೇವೆ' ಎಂದು ನಾವೇ ಇರಿಸಿಕೊಳ್ಳುವಂತಿಲ್ಲ. ವೀರಣ್ಣನವರ ಕಾಲ ಅದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. 24 ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಬಾಲಮಂದಿರದಲ್ಲೋ ವೀಕ್ಷಣಾಲಯದಲ್ಲೋ ಕಲೆ ಕಲಿಸಬೇಕಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಮೊದಲು ಸಂಪರ್ಕಿಸಬೇಕು.

ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಇಂತಹ ಮಕ್ಕಳ ಹೆಸರು, ಚಿತ್ರ, ವಿಳಾಸ, ಶಾಲೆ ಯಾವುದನ್ನೂ ಪ್ರಕಟಿಸದಂತೆ ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನಾಟಕದ ಕೊನೆಗೆ 'ಇವನು ಹಿಂದೆ ಕಳ್ಳನಾಗಿದ್ದ, ಈಗ ಕಲಾವಿದ' ಎಂದು ವೇದಿಕೆಯಲ್ಲಿ ಪರಿಚಯಿಸುವ ಉತ್ಸಾಹ ಕೆಲವರಿಗಿದೆ. ಚಪ್ಪಾಳೆ ಸಿಗಬಹುದು. ಆದರೆ ಆ ಹುಡುಗನಿಗೆ ನಾಳೆ ಕೆಲಸ ಕೊಡುವವರೂ ಆ ಸಭೆಯಲ್ಲೇ ಕುಳಿತಿರುತ್ತಾರೆ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದೆ. ಮನರಂಜನಾ ಕ್ಷೇತ್ರದ ಬಾಲ ಕಲಾವಿದರಿಗೆ ಷರತ್ತಿನ ವಿನಾಯಿತಿಯಿದೆ. ಅದರ ನಿಯಮಗಳಂತೆ ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು, ಶಾಲೆ ತಪ್ಪಬಾರದು. ಮಗುವಿನ ಆದಾಯದ ಕನಿಷ್ಠ ಶೇ. 20ರಷ್ಟು ಅದರ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಹಳೆಯ ಕಂಪನಿಗಳಲ್ಲಿ ಇಲ್ಲದಿದ್ದ ಬೇಲಿ ಇದು.

ಕೊನೆಯ ಮಾತು

ನಾಟಕ ಆಡಿದ ಮಾತ್ರಕ್ಕೆ ಮಗುವಿನ ಬದುಕು ಬದಲಾಗುವುದಿಲ್ಲ. ಗುಬ್ಬಿ ಕಂಪನಿಯಲ್ಲಿ ಮಕ್ಕಳನ್ನು ಉಳಿಸಿದ್ದು ಬಣ್ಣವಲ್ಲ. ಬಣ್ಣ ತೊಳೆದ ಮೇಲೆ ಸಿಗುತ್ತಿದ್ದ ಊಟ, ಗದರುತ್ತಲೇ ಕಾಯುತ್ತಿದ್ದ ಹಿರಿಯರು, ಒಬ್ಬನಿಗಾದರೂ ತೆರೆದ ಬನಾರಸ್ಸಿನ ದಾರಿ. ನಾಟಕ ಮಗುವನ್ನು ಬಾಗಿಲವರೆಗೆ ಕರೆತರುತ್ತದೆ. ಬಾಗಿಲ ಒಳಗೆ ಮನೆ ಇರಬೇಕು. ಆ ಮನೆ ಕಟ್ಟುವುದು ಕಲಾವಿದರೊಬ್ಬರ ಕೆಲಸವಲ್ಲ, ಊರಿನದು.

ನಮ್ಮ ಊರುಗಳಲ್ಲೂ ನಾಟಕ ಸಂಘಗಳಿವೆ, ಸಭಾಭವನಗಳಿವೆ, ವಾರವಿಡೀ ಬೀಗ ಹಾಕಿರುವ ಕೊಠಡಿಗಳಿವೆ. ವಾರಕ್ಕೆರಡು ಸಂಜೆ ಒಂದು ಕೊಠಡಿ ತೆರೆದು, ಹತ್ತು ಮಂದಿಗೆ ಅವಲಕ್ಕಿ ಚಹಾ ಮಾಡಿ, ಊರಿನ ಒಬ್ಬ ಹಳೆಯ ಕಲಾವಿದರನ್ನು ಕರೆದರೆ ಆರಂಭಕ್ಕೆ ಅಷ್ಟು ಸಾಕು. ಮನೆ ಬಿಟ್ಟು ಹೊರಟ ಮಂಚಿಯ ಹುಡುಗನಿಗೆ ಘಟ್ಟದ ಮೇಲಿನವರು ಜಾಗ ಕೊಟ್ಟರು. ಇಂದು ಬೇರೆ ಜಿಲ್ಲೆಗಳ ಮಕ್ಕಳು ನಮ್ಮ ಬಂದರು, ಹೋಟೆಲು, ಕಟ್ಟಡ ಕೆಲಸಗಳಿಗೆ ಘಟ್ಟ ಇಳಿದು ಬರುತ್ತಿದ್ದಾರೆ. ಅವರನ್ನು ಕಂಡಾಗ ಆ ಋಣ ನಮಗೆ ನೆನಪಾಗಲಿ.